ಎರಡೂವರೆ ಆಯಾಮದ ಕಾಗದದುಂಡೆ

ಗಣಿತ ಮೇಷ್ಟ್ರಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಗಣಿತ ಇರುವುದು ರೂಪಾಯಿಗೆ ನಾಲ್ಕಾಣೆಯಷ್ಟು. ಉಳಿದ ಹನ್ನೆರಡಾಣೆ ಜನಗಣತಿ, ಚುನಾವಣೆ ಡ್ಯೂಟಿ, ಪಾಠ ಟಿಪ್ಪಣಿ ಬರೆಯುವುದು ಮತ್ತು ಹೆಡ್ ಮಾಸ್ತರರ ಮುಖ ನೋಡಿ ಇವತ್ತು ರಜೆ ಕೇಳಬಹುದೋ ಇಲ್ಲವೋ ಎಂದು ಅಂದಾಜು ಮಾಡುವುದು. ಇದನ್ನು ಬಿ.ಎಡ್.ನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಅಲ್ಲಿ ಹೇಳಿಕೊಡುವವರೆಲ್ಲ ಹೈಸ್ಕೂಲಿನಿಂದ ತಪ್ಪಿಸಿಕೊಂಡು ಹೋದವರು.

ನಾನು ಎಪ್ಪತ್ತರ ದಶಕದ ಆರಂಭದಲ್ಲಿ ಸೇರಿದೆ. ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಹೀಗೆ ಒಂದು ಟ್ರಂಕು ಮತ್ತು ಒಂದು ಹಾಸಿಗೆ ಸುರುಳಿಯ ಜೊತೆ ಸುತ್ತಿದೆ. ಬಡ್ತಿ ಯಾವಾಗ ಬಂತು, ಸನ್ಮಾನದ ಶಾಲು ಎಷ್ಟು ಬಂದವು ಎಂಬುದನ್ನು ಬರೆಯುವುದಿಲ್ಲ. ಶಾಲುಗಳಲ್ಲಿ ಒಂದನ್ನು ನನ್ನ ಹೆಂಡತಿ ಮಿಕ್ಸಿಗೆ ಹೊದಿಸಿದ್ದಾಳೆ, ಅದಕ್ಕೆ ಅಷ್ಟು ಗೌರವ ಸಾಕು. ನಾನು ಬರೆಯಬೇಕೆಂದಿರುವುದು ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಪಾಠದ ಬಗ್ಗೆ. ಆ ಪಾಠ ಮಾಡಲು ಹೋಗಿ, ಹನ್ನೊಂದು ಮಕ್ಕಳ ಒಂದೊಂದು ವರ್ಷ ನನ್ನ ಕೆಂಪು ಪೆನ್ನಿನ ಕೆಳಗೆ ಸಿಕ್ಕಿಕೊಂಡಿದೆ ಎಂದು ನನಗೆ ಗೊತ್ತಾಯಿತು. ಗೊತ್ತಾಗದೆ ಇದ್ದಿದ್ದರೆ ನಾನು ಬಹಳ ಒಳ್ಳೆಯ ಮೇಷ್ಟ್ರು ಎಂದುಕೊಂಡೇ ನಿವೃತ್ತನಾಗುತ್ತಿದ್ದೆ.

ಜಗಳೂರಿನಿಂದ ಶುರು ಮಾಡುತ್ತೇನೆ. ಆಗ ಹೊಸ ಗಣಿತ ಬಂದ ಕಾಲ. ಅದುವರೆಗೆ ಬಡ್ಡಿ, ಲಾಭ ನಷ್ಟ, ತೊಟ್ಟಿಗೆ ನೀರು ತುಂಬಿಸುವ ನಲ್ಲಿ ಎಂದು ನೆಮ್ಮದಿಯಾಗಿದ್ದ ಪುಸ್ತಕಕ್ಕೆ ಇದ್ದಕ್ಕಿದ್ದಂತೆ ಗಣಗಳು ಬಂದು ಕೂತವು. ನಮ್ಮನ್ನು ಬೇಸಿಗೆ ರಜೆಯಲ್ಲಿ ಹತ್ತು ದಿನ ತರಬೇತಿಗೆ ಹಾಕಿ, ಮಧ್ಯಾಹ್ನ ಉಪ್ಪಿಟ್ಟು ಕೊಟ್ಟು, ಶೂನ್ಯ ಗಣ ಎಂದರೇನು ಎಂದು ಹೇಳಿಕೊಟ್ಟರು. ವಾಪಸು ಬಂದು ಅದನ್ನೇ ಮಕ್ಕಳಿಗೆ ಉಣಬಡಿಸಿದೆ. ಒಂದು ದಿನ ಇನ್ಸ್‌ಪೆಕ್ಟರು ಬಂದು, ಶೂನ್ಯ ಗಣಕ್ಕೆ ಉದಾಹರಣೆ ಕೊಡು ಎಂದು ಮುಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿದರು. ಅವನು ಗಂಭೀರವಾಗಿ, "ನಮ್ ಶಾಲೆ ಪ್ರಯೋಗಾಲಯದಾಗೆ ಇರೋ ಸಾಮಾನು ಸಾರ್" ಅಂದ. ಉತ್ತರ ಸರಿಯಾಗಿತ್ತು. ನನಗೆ ಮೆಮೊ ಬಂತು.

ಜಗಳೂರಿನಲ್ಲಿ ಕಲಿತ ಇನ್ನೊಂದು ವಿದ್ಯೆ ಉತ್ತರ ಪತ್ರಿಕೆ ತಿದ್ದುವ ವೇಗ. ಅಲ್ಲಿದ್ದ ಹಿರಿಯ ಮೇಷ್ಟ್ರೊಬ್ಬರು ನನ್ನ ನಿಧಾನ ನೋಡಿ ಮರುಗಿದರು. "ಅನ್ನ ಬೆಂದೈತೋ ಇಲ್ಲೋ ಅಂತ ನೋಡಾಕೆ ಇಡೀ ಗಡಿಗೆ ಉಣ್ತೀರೇನ್ರಿ? ಒಂದಗುಳು ಹಿಚುಕಿ ನೋಡ್ರಿ, ಸಾಕು" ಎಂದರು. ಅಂದರೆ ಕೊನೆಯ ಸಾಲು ನೋಡು, ಉತ್ತರ ಇದ್ದರೆ ಅಂಕ ಹಾಕು, ಪುಟ ತಿರುವು. ಎರಡು ವರ್ಷದಲ್ಲಿ ನಾನು ಗುರುವನ್ನೇ ಮೀರಿಸಿದೆ. ಮಧ್ಯಾಹ್ನ ಊಟವಾಗಿ ಕೂತರೆ ಸಂಜೆ ಟೀಗೆ ಒಂದು ತರಗತಿ ಮುಗಿಯುತ್ತಿತ್ತು. ಸಹೋದ್ಯೋಗಿಗಳು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಹೊನ್ನಾಳಿಗೆ ವರ್ಗವಾದಾಗ ಅಳತೆಯ ಪಾಠಕ್ಕೆಂದು ಮಕ್ಕಳನ್ನು ತುಂಗಭದ್ರೆಯ ದಂಡೆಗೆ ಕರೆದುಕೊಂಡು ಹೋದೆ. ಒಂದು ಹುಣಸೆಮರದಿಂದ ಬಟ್ಟೆ ಒಗೆಯುವ ಬಂಡೆಯವರೆಗೆ ನೀರಿನ ಅಂಚು ಎಷ್ಟು ಉದ್ದ ಇದೆ ಅಳೆಯಿರಿ ಎಂದೆ. ಒಂದು ಗುಂಪಿಗೆ ಸರ್ವೆಯವರಿಂದ ಬೇಡಿ ತಂದ ಸರಪಳಿ, ಇನ್ನೊಂದಕ್ಕೆ ಮೀಟರ್ ಕೋಲು. ಮೂರನೆಯ ಗುಂಪಿಗೆ ಕೊಡಲು ಏನೂ ಇರಲಿಲ್ಲ, ಗೇಣು ಹಾಕ್ರೋ ಎಂದೆ. ಎಮ್ಮೆ ಮೈ ತೊಳೆಯುತ್ತಿದ್ದ ಯಜಮಾನರೊಬ್ಬರು ನಮ್ಮನ್ನೇ ನೋಡುತ್ತಿದ್ದರು.

"ಏನ್ರಿ ಮೇಷ್ಟ್ರೇ, ಹೊಳೆ ಮಾರಾಕೆ ಇಟ್ಟೀರೇನು?"

"ಇಲ್ಲ ಯಜಮಾನ್ರೇ, ಮಕ್ಕಳಿಗೆ ಲೆಕ್ಕ."

"ಬೇಸಗೀಲಿ ಅಳೀಬ್ಯಾಡ್ರಿ. ಮಳೆಗಾಲದಾಗೆ ಅಳದ್ರೆ ಜಾಸ್ತಿ ರೇಟು ಬರ್ತೈತೆ."

ಸರಪಳಿಯವರಿಗೆ ನೂರಾ ಎಂಬತ್ತು ಮೀಟರ್ ಬಂತು. ಕೋಲಿನವರಿಗೆ ಇನ್ನೂರ ಮೂವತ್ತು. ಗೇಣಿನವರು ಪ್ರತಿ ಕಲ್ಲಿನ ಸುತ್ತ, ಪ್ರತಿ ಸೊಟ್ಟ ಮೂಲೆಯೊಳಗೆ ಗೇಣು ಹಾಕಿಕೊಂಡು ಹೋಗಿ ಮುನ್ನೂರು ದಾಟಿಸಿದ್ದರು. ನನಗೆ ಸಿಟ್ಟು ಬಂತು. ಒಂದೇ ಹೊಳೆ, ಒಂದೇ ಮರ, ಒಂದೇ ಬಂಡೆ, ಮೂರು ಉತ್ತರ. ಗೇಣಿನವರು ಕುಳಿತಲ್ಲೇ ಲೆಕ್ಕ ಕಟ್ಟಿದ್ದಾರೆ ಎಂದು ತೀರ್ಮಾನಿಸಿ ನಾಲ್ವರಿಗೂ ಅಂಗೈಗೆ ಎರಡೆರಡು ಬಿಟ್ಟೆ.

ಆಗ ನನ್ನ ಪಕ್ಕದ ಮನೆಯಲ್ಲಿ ನೀರಾವರಿ ಇಲಾಖೆಯ ಇಂಜಿನಿಯರೊಬ್ಬರಿದ್ದರು. ಅವರಿಗೆ ಇಂಗ್ಲಿಷಿನ ವಿಜ್ಞಾನ ಪತ್ರಿಕೆ ತರಿಸುವ ಚಟ. ಕೆಲವು ತಿಂಗಳ ನಂತರ ಒಂದು ಭಾನುವಾರ ಹೊಳೆಯ ಕಥೆ ಹೇಳಿದೆ. ಅವರು ನಕ್ಕು, ಒಳಗಿನಿಂದ ಒಂದು ಸಂಚಿಕೆ ತಂದು ಕೈಗಿಟ್ಟರು. ಡಿಕ್ಷನರಿ ಮಗ್ಗುಲಲ್ಲಿಟ್ಟುಕೊಂಡು ಮೂರು ದಿನ ಓದಿದೆ. ಸೊಟ್ಟಂಬಟ್ಟ ಅಂಚಿಗೆ ಇದೇ ಉದ್ದ ಎಂದು ಒಂದಿಲ್ಲ, ಕೋಲು ಚಿಕ್ಕದಾದಷ್ಟೂ ಉದ್ದ ಬೆಳೆಯುತ್ತದೆ, ಅಂಥ ಗೆರೆಯ ಆಯಾಮ ಒಂದಕ್ಕಿಂತ ಹೆಚ್ಚು, ಎರಡಕ್ಕಿಂತ ಕಡಿಮೆ, ಅಂಥ ಆಕೃತಿಗಳಿಗೆ ಫ್ರ್ಯಾಕ್ಟಲ್ ಎಂದು ಹೊಸದಾಗಿ ಹೆಸರಿಟ್ಟಿದ್ದಾರೆ ಎಂದು ಅದರಲ್ಲಿತ್ತು. ಅಂದರೆ ನನ್ನ ಗೇಣಿನ ಹುಡುಗರು ಸರಿ. ಜಗತ್ತಿನಲ್ಲಿ ದೊಡ್ಡ ದೊಡ್ಡವರು ಸಮುದ್ರದ ದಂಡೆಯಲ್ಲಿ ಕಂಡುಕೊಂಡದ್ದನ್ನು ಇವರು ಹೊನ್ನಾಳಿಯ ಹೊಳೆ ದಂಡೆಯಲ್ಲಿ ಬಗ್ಗಿಕೊಂಡು ಮಾಡಿದ್ದರು, ಅದಕ್ಕೆ ನಾನು ಕೊಟ್ಟ ಬಹುಮಾನ ಬೆತ್ತ.

ಮುಂದಿನ ಸೋಮವಾರ ತರಗತಿಯಲ್ಲಿ ತಪ್ಪು ನನ್ನದೇ ಎಂದು ಹೇಳಿದೆ. ನಾಲ್ವರಲ್ಲಿ ಒಬ್ಬ ಎದ್ದುನಿಂತು, "ಹಂಗಾರೆ ಹೊಡೆದಿದ್ದು ವಾಪಸ್ ತಗೋತೀರಾ ಸಾರ್?" ಎಂದು ಕೇಳಿದ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ.

ನ್ಯಾಮತಿಗೆ ಹೋಗುವ ಹೊತ್ತಿಗೆ ನನಗೆ ಈ ಹುಚ್ಚು ತಲೆಗೇರಿತ್ತು. ಎಂಟು, ಒಂಬತ್ತು, ಹತ್ತು, ಯಾವ ತರಗತಿಯಾದರೂ ಸರಿ, ಪೋರ್ಷನ್ ಸ್ವಲ್ಪ ಮುಂದಿದ್ದರೆ ಸಾಕು, ಬೋರ್ಡಿನ ಮೇಲೆ ಒಂದು ಗೆರೆ ಎಳೆಯುತ್ತಿದ್ದೆ. ಅದನ್ನು ಮೂರು ಭಾಗ ಮಾಡಿ, ನಡುವಿನದನ್ನು ಅಳಿಸಿ, ಅಲ್ಲಿ ಗುಡಾರದ ಹಾಗೆ ಎರಡು ಗೆರೆ ನಿಲ್ಲಿಸುವುದು. ಈಗ ನಾಲ್ಕು ಗೆರೆಯಾದವು. ಪ್ರತಿಯೊಂದಕ್ಕೂ ಮತ್ತೆ ಅದೇ. ಅಳತೆ ಮೂರನೇ ಒಂದಕ್ಕೆ ಇಳಿದಾಗಲೆಲ್ಲ ತುಂಡು ನಾಲ್ಕಾಗುತ್ತದೆ. ಲಾಗ್ ಟೇಬಲ್ ತೆಗೆಸಿ ನಾಲ್ಕರ ಲಾಗನ್ನು ಮೂರರ ಲಾಗಿನಿಂದ ಭಾಗಿಸಿದರೆ ಒಂದೂಕಾಲಿಗಿಂತ ಚೂರು ಹೆಚ್ಚು. ಅದೇ ಆ ಗೆರೆಯ ಆಯಾಮ. ಲಾಗ್ ಟೇಬಲ್ ಕಂಡರೆ ಭೇದಿ ಹಿಡಿದವರಂತೆ ಆಡುತ್ತಿದ್ದ ಮಕ್ಕಳು ಅದನ್ನು ತಾವಾಗಿ ತೆರೆದದ್ದು ನಾನು ಕಂಡಂತೆ ಅದೊಂದೇ ಸಲ. ಫ್ರ್ಯಾಕ್ಟಲ್ ಅನ್ನಲು ನಾಲಿಗೆ ತಿರುಗದೆ ಅವರೇ ಅದಕ್ಕೆ ಸುಕ್ಕಿನ ಗಣಿತ ಎಂದು ಹೆಸರಿಟ್ಟರು.

ಅಲ್ಲಿನ ಹೆಡ್ ಮಾಸ್ತರರು ಒಮ್ಮೆ ಬಾಗಿಲಲ್ಲಿ ನಿಂತು ಬೋರ್ಡನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಎಷ್ಟನೇ ಪುಟ ಇದು?"

"ಪುಸ್ತಕದಾಗಿಲ್ಲ ಸಾರ್."

"ಪುಸ್ತಕದಾಗಿಲ್ಲ ಅಂದ್ರೆ ಇಲ್ಲ. ಅಳಸ್ರಿ."

ಅಳಿಸಿದೆ. ಮರುವಾರ ಇನ್ಸ್‌ಪೆಕ್ಷನ್ ಬಂತು. ಬಂದ ಸಾಹೇಬರು ಮಕ್ಕಳಿಗೆ ಧೈರ್ಯ ಬರಲೆಂದು ಸುಲಭದ ಪ್ರಶ್ನೆ ಆರಿಸಿಕೊಂಡರು. ಗೆರೆಗೆ ಎಷ್ಟು ಆಯಾಮ? ಅವರು ಯಾರನ್ನು ಕೇಳಿದರೂ ನಡೆಯುತ್ತಿತ್ತು, ಕೇಳಿದ್ದು ನನ್ನ ಅತ್ಯಂತ ಜಾಣ ಹುಡುಗಿಯನ್ನು. "ಯಾವ ಗೆರೆ ಅನ್ನಾದ್ರ ಮ್ಯಾಲೆ ಐತೆ ಸಾರ್. ಒಂದೂ ಇರ್ಬೌದು, ಒಂದೂಕಾಲೂ ಇರ್ಬೌದು" ಅಂದಳು. ಸಾಹೇಬರು ನನ್ನ ಕಡೆ ತಿರುಗಿದರು. ನಾನು ಕಿಟಕಿಯ ಕಡೆ ತಿರುಗಿದೆ. ವಿದ್ಯಾರ್ಥಿಗಳಲ್ಲಿ ಮೂಲಭೂತ ಜ್ಞಾನದ ಕೊರತೆ ಎದ್ದು ಕಾಣುತ್ತದೆ ಎಂದು ತಪಾಸಣೆ ಪುಸ್ತಕದಲ್ಲಿ ಬರೆದು ಎಳನೀರು ಕುಡಿದು ಹೋದರು. ಆ ವರ್ಷದ ವರ್ಗಾವಣೆ ಪಟ್ಟಿಯಲ್ಲಿ ನನ್ನ ಹೆಸರು ಮೊದಲಿತ್ತು.

ಹೀಗೆ ಎಂಬತ್ತರ ದಶಕದ ಆರಂಭದಲ್ಲಿ ಚನ್ನಗಿರಿ ತಾಲ್ಲೂಕಿನ ಒಂದು ಹೈಸ್ಕೂಲಿಗೆ ಬಂದೆ. ಯಾವುದೆಂದು ಹೇಳುವುದಿಲ್ಲ, ತಪ್ಪು ಶಾಲೆಯದಲ್ಲ, ನನ್ನದು. ಅಲ್ಲಿ ಹೆಡ್ ಮಾಸ್ತರರು ಶಿವಲಿಂಗಪ್ಪನವರು. ಬೈಗುಳವನ್ನೂ ತಗ್ಗಿದ ದನಿಯಲ್ಲಿ ಬೈಯುವ ಮನುಷ್ಯ. ಸುಕ್ಕಿನ ಗಣಿತ ಮಾಡುತ್ತೇನೆ ಎಂದಾಗ, ಶನಿವಾರದ ಕೊನೆ ಪೀರಿಯಡ್ಡಿನಲ್ಲಿ ಏನಾದರೂ ಮಾಡಿಕೊಳ್ಳಿ, ನನಗೆ ಮಾತ್ರ ಹೇಳಬೇಡಿ ಎಂದರು. ಇಷ್ಟು ಒಳ್ಳೆಯ ಮೇಲಧಿಕಾರಿ ನನಗೆ ಮತ್ತೆ ಸಿಗಲಿಲ್ಲ.

ಒಂದು ವರ್ಷ ಕಳೆಯಿತು. ಆ ವರ್ಷದ ಒಂಬತ್ತನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಹನ್ನೊಂದು ಜನ ಫೇಲಾದರು. ನನ್ನ ಹಳೇ ವೇಗದಲ್ಲಿ ತಿದ್ದಿ, ಪಟ್ಟಿ ಮಾಡಿ, ಪತ್ರಿಕೆಗಳನ್ನು ದಾರದಲ್ಲಿ ಕಟ್ಟಿ ಬೀರುವಿಗೆ ಹಾಕಿದೆ. ಅವನ್ನು ಒಂದು ವರ್ಷ ಇಡಬೇಕೆಂಬುದು ನಿಯಮ. ಜೂನ್‌ನಲ್ಲಿ ಶಾಲೆ ತೆರೆದಾಗ ಹನ್ನೊಂದರಲ್ಲಿ ಹತ್ತು ಮಂದಿ ವಾಪಸು ಬಂದು ಒಂಬತ್ತರಲ್ಲೇ ಕೂತರು. ಅವರಲ್ಲಿ ಸಂತೇಬೆನ್ನೂರಿನಿಂದ ಬಸ್ಸಿಗೆ ಬರುವ ಹಾಲಮ್ಮ ಎಂಬ ಹುಡುಗಿಯಿದ್ದಳು. ಅವಳ ತಂದೆ ಮೊದಲ ದಿನವೇ ಬಂದು ನನಗೆ ಹೇಳಿಹೋಗಿದ್ದರು. "ಇದೊಂದು ವರ್ಷ ನೋಡ್ತೀನ್ರಿ ಮೇಷ್ಟ್ರೇ. ಮತ್ತೆ ಫೇಲಾದ್ರೆ ಗಂಡು ಹುಡುಕ್ತೀವಿ." ನಾನು ಗಂಭೀರವಾಗಿ ತಲೆಯಾಡಿಸಿ, ಮನೆಯಲ್ಲೂ ಓದಿಸಿ ಎಂದು ಉಪದೇಶ ಬೇರೆ ಮಾಡಿದ್ದೆ.

ಆಷಾಢದಲ್ಲಿ ಹೊನ್ನಾಳಿಯ ಆ ಇಂಜಿನಿಯರರಿಂದ ಒಂದು ಪತ್ರ ಬಂತು, ಅದರಲ್ಲಿ ಒಂದು ಚಂದದ ಪ್ರಯೋಗವಿತ್ತು. ಒಂದು ಹಾಳೆಯನ್ನು ಗಟ್ಟಿಯಾಗಿ ಮುದುಡಿ ಉಂಡೆ ಮಾಡಿ. ಅರ್ಧ ಹಾಳೆಯದೊಂದು, ಕಾಲು ಹಾಳೆಯದೊಂದು, ಅರೆಕಾಲು ಹಾಳೆಯದೊಂದು. ಪ್ರತಿ ಉಂಡೆಯ ಅಡ್ಡಳತೆ ತೆಗೆಯಿರಿ. ಕಾಗದ ಎರಡು ಆಯಾಮದ್ದು. ಗಟ್ಟಿ ಲಾಡು ಮೂರು ಆಯಾಮದ್ದು, ಅದರ ಅಡ್ಡಳತೆ ಎರಡರಷ್ಟಾಗಬೇಕಾದರೆ ಹಿಟ್ಟು ಎಂಟರಷ್ಟು ಬೇಕು. ಕಾಗದದ ಉಂಡೆಗೆ ಎಷ್ಟು ಬೇಕು? ಎಂಟೂ ಅಲ್ಲ, ನಾಲ್ಕೂ ಅಲ್ಲ, ಹೆಚ್ಚು ಕಡಿಮೆ ಐದೂವರೆ. ಲಾಗ್ ಟೇಬಲ್ ನೋಡಿದರೆ ಎರಡೂವರೆ ಆಯಾಮ. ಅದು ಪೂರ್ತಿ ಹಾಳೆಯೂ ಅಲ್ಲ, ಪೂರ್ತಿ ಉಂಡೆಯೂ ಅಲ್ಲ. ಈ ಪ್ರಯೋಗವನ್ನು ಈಗಲೂ ಮಾಡಿ ನೋಡಿ, ಯಾವ ಉಪಕರಣವೂ ಬೇಡ, ಕಾಗದ ಇದ್ದರೆ ಸಾಕು.

ಕಾಗದ ಇರಲಿಲ್ಲ. ಶಿವಲಿಂಗಪ್ಪನವರನ್ನು ಕೇಳಿದೆ. "ಸರ್ಕಾರ ಕಾಗದ ಕೊಡೋದು ಬರಿಯಾಕೆ, ಉಂಡೆ ಕಟ್ಟಾಕಲ್ಲ" ಎಂದರು. ಬೀರುವಿನಲ್ಲಿ ಒಂದು ಕಟ್ಟು ಧೂಳು ತಿನ್ನುತ್ತ ಕೂತಿತ್ತು. ಒಳ್ಳೆಯ ಕಾಗದ, ಎಲ್ಲ ಒಂದೇ ಅಳತೆ. ಫಲಿತಾಂಶ ಬಂದು ಮೂರು ತಿಂಗಳಾಗಿತ್ತು, ಒಬ್ಬರೂ ಪೇಪರ್ ತೋರಿಸಿ ಎಂದು ಕೇಳಿರಲಿಲ್ಲ. ದಾರ ಬಿಚ್ಚಿದೆ.

ಶನಿವಾರ ಇರುವುದು ಒಂದೇ ಕೊನೆ ಪೀರಿಯಡ್ಡು, ಹಾಗಾಗಿ ಬಿ ವಿಭಾಗದಲ್ಲಿ ಶುಕ್ರವಾರವೇ ಮಾಡಿಸಿದೆ. ಹಬ್ಬದ ಹಾಗೆ ನಡೆಯಿತು. ಕೆಲವರು ಉಂಡೆಗಳಲ್ಲಿ ಕ್ರಿಕೆಟ್ ಆಡಿದರು ಎಂಬುದನ್ನು ಬಿಟ್ಟರೆ ಎರಡೂವರೆ ಸರಿಯಾಗಿ ಬಂತು. ಶನಿವಾರ ಎ ವಿಭಾಗ. ಹಾಳೆ ಹಂಚಿದೆ, ಹರಿದು ಮುದುಡಿರಿ ಎಂದೆ. ತಮ್ಮ ತಮ್ಮ ಹಾಳೆಯ ಮೇಲಿನ ಹೆಸರು ಓದಿ, ಇದು ಹೋದ ವರ್ಷದವರದು ಎಂದು ನಗುತ್ತಿದ್ದರು. ಓದಬೇಡಿ, ಮುದುಡಿ ಎಂದು ಗದರಿದೆ. ಎಲ್ಲ ಉಂಡೆ ಅಳೆದು ಮುಗಿದಾಗ ಮೂರನೆಯ ಬೆಂಚಿನಲ್ಲಿ ಹಾಲಮ್ಮ ಎದ್ದುನಿಂತಿದ್ದಳು. ಏನಮ್ಮಾ ಎಂದೆ.

"ಸಾರ್, ಉಂಡೆ ಬಿಚ್ಚಿದ್ರೆ ಮತ್ತೆ ಎರಡೇ ಆಯಾಮ ಆಗ್ತೈತಾ?"

ಇಷ್ಟು ಒಳ್ಳೆಯ ಪ್ರಶ್ನೆ ಆ ಶಾಲೆಯಲ್ಲಿ ನನಗೆ ಯಾರೂ ಕೇಳಿರಲಿಲ್ಲ. ಸುಕ್ಕು ಉಳಿಯುತ್ತದಲ್ಲ, ಪೂರ್ತಿ ಎರಡು ಆಗಲಿಕ್ಕಿಲ್ಲ ಎಂದು ಏನೇನೋ ಹೇಳಿದೆ. ಯಾಕೆ ಕೇಳಿದೆ ಎಂದು ಕೇಳಿದೆ.

"ಒಂದು ಬಿಚ್ಚಿದೀನಿ ಸಾರ್. ಪಕ್ಕದೋಳು ಮಾಡಿದ್ದು. ನನ್ ಅಕ್ಷರ ಅನ್ಸಿ ಬಿಚ್ದೆ."

ಹತ್ತಿರ ಬಂದು ಮೇಜಿನ ಮೇಲೆ ಇಟ್ಟಳು. ಅರ್ಧ ಹಾಳೆ, ನೂರು ಸುಕ್ಕು. ಅದು ಅವಳ ಉತ್ತರ ಪತ್ರಿಕೆಯ ಕೊನೆಯ ಹಾಳೆಯ ಹಿಂಬದಿ. ನೇರಳೆ ಶಾಯಿಯಲ್ಲಿ ಒಂದು ಪ್ರಮೇಯ, ಚಿತ್ರ, ದತ್ತ, ಸಾಧನೀಯ, ಸಾಧನೆ, ಎಲ್ಲ ಇತ್ತು. ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಕೆಂಪು ಶಾಯಿ ಎಲ್ಲೂ ಇರಲಿಲ್ಲ.

"ಇದಕ್ಕೆ ಅಂಕಾನೇ ಹಾಕಿಲ್ಲ ಸಾರ್" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ ಎಂದು ತೋರಿಸುವ ಹಾಗೆ ತೋರಿಸಿದಳು.

ಅವಳಿಗೆ ನಾನು ಕೊಟ್ಟಿದ್ದು ಮೂವತ್ತೊಂದು. ಪಾಸಾಗಲು ಮೂವತ್ತೈದು. ಆ ಪ್ರಮೇಯಕ್ಕೆ ಐದು ಅಂಕ. ಪುಟ ತಿರುವುವ ಭರದಲ್ಲಿ ಕೊನೆಯ ಹಾಳೆಯ ಹಿಂಬದಿಯನ್ನು ನಾನು ನೋಡಿಯೇ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ.

ಮಕ್ಕಳನ್ನು ಮನೆಗೆ ಕಳಿಸಿ ಶಿವಲಿಂಗಪ್ಪನವರ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತ ತಗ್ಗಿದ ದನಿಯಲ್ಲಿ ಹೇಳಿದರು. "ಮೇಷ್ಟ್ರೇ, ಎರಡು ತಪ್ಪು ಮಾಡೀರಿ. ಅಂಕ ಹಾಕಿಲ್ಲ, ಅದೊಂದು. ಪೇಪರ್ ಹರದೀರಿ, ಅದು ಎರಡನೇದು. ಎರಡನೇದು ಬಾಯಿ ಬಿಡದಿದ್ರೆ ಮೊದಲನೇದಕ್ಕೂ ಸಾಕ್ಷಿ ಇಲ್ಲ. ಆ ಹುಡುಗಿ ಹೆಂಗೂ ಓದ್ತಾ ಐತೆ. ಈ ವರ್ಷ ಪಾಸಾಗ್ತಾಳೆ. ಸುಮ್ನೆ ಮನೀಗೆ ಹೋಗ್ರಿ."

ನಾನು ಸುಮ್ಮನೆ ಮನೆಗೆ ಹೋದೆ. ಇದನ್ನು ಮುಚ್ಚಿಡುವುದಿಲ್ಲ. ಭಾನುವಾರ ಇಡೀ ದಿನ ಅವರ ಮಾತು ನನಗೆ ಬಹಳ ನ್ಯಾಯವಾಗಿ ಕಂಡಿತು. ಕೆಂಪು ಶಾಯಿಯ ಷರಾ ನನ್ನ ಸರ್ವಿಸ್ ರಿಜಿಸ್ಟರಿಗೆ ಬರುವುದು ನನಗೆ ಇಷ್ಟವಿರಲಿಲ್ಲ. ಅವಳ ತಂದೆಯ ಮುಖ ನೋಡುವುದಂತೂ ಬೇಡವೇ ಬೇಡ. ಆದರೆ ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರ ಹಾಲಮ್ಮ ಕಾಯುತ್ತಿದ್ದಳು. ನನ್ನದು ಏನಾಯಿತು ಎಂದು ಕೇಳುತ್ತಾಳೆ ಎಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡೆ.

"ಉಳಿದ ಹತ್ತು ಜನದ್ದು ನೋಡಿದ್ರಾ ಸಾರ್?"

 ಬೀಗದ ಕೈ ತೆಗೆದುಕೊಂಡು ಸೀದಾ ತರಗತಿಗೆ ಹೋದೆ. ಶನಿವಾರದ ಉಂಡೆಗಳು ಗೋಣಿಚೀಲದಲ್ಲಿ ಹಾಗೇ ಇದ್ದವು. ಶುಕ್ರವಾರದವು ಇರಲಿಲ್ಲ. ಶಾಲೆಯ ಜವಾನ ಬಸಣ್ಣ ಬಹಳ ಚೊಕ್ಕ ಮನುಷ್ಯ, ಬಿ ವಿಭಾಗವನ್ನು ಅಂದೇ ಸಂಜೆ ಗುಡಿಸಿದ್ದ.

"ನಮ್ಮನೆ ಹಂಡೆ ಒಲೀಗೆ ಹಾಕ್ದೆ ಸಾರ್. ಗಟ್ಟಿ ಉಂಡೆ ನೋಡ್ರಿ, ಕಟ್ಟಿಗೆಗಿಂತ ಚಲೋ ಉರೀತವೆ."

ಅವನನ್ನು ಬೈಯಲು ನನಗೆ ಯಾವ ಯೋಗ್ಯತೆಯೂ ಇರಲಿಲ್ಲ. ಎರಡು ದಿನ ಹಾಲಮ್ಮ, ಅವಳ ಇಬ್ಬರು ಗೆಳತಿಯರು ಮತ್ತು ನಾನು ಉಂಡೆ ಬಿಚ್ಚುತ್ತ ಕೂತೆವು. ಬಿಚ್ಚಿದ್ದನ್ನು ಇಸ್ತ್ರಿಯವನ ಹತ್ತಿರ ಕೊಟ್ಟು ಸುಕ್ಕು ತೆಗೆಸಿ, ತುಂಡಿಗೆ ತುಂಡು ಕೂಡಿಸಿ ಅಂಟಿಸಿದೆವು. ಪಂಚೆ ಬಿಟ್ಟು ಪರೀಕ್ಷೆ ಪೇಪರ್ ಇಸ್ತ್ರಿ ಮಾಡಿಸೋ ಮೇಷ್ಟ್ರನ್ನ ಇವತ್ತೇ ಕಂಡಿದ್ದು ಎಂದು ಅವನು ಊರೆಲ್ಲ ಹೇಳಿಕೊಂಡು ಬಂದ. ಹನ್ನೊಂದರಲ್ಲಿ ಏಳು ಪತ್ರಿಕೆ ಪೂರ್ತಿಯಾದವು. ಅವನ್ನು ಜೀವನದಲ್ಲಿ ಮೊದಲ ಸಲ ಪ್ರತಿ ಸಾಲೂ ಓದಿ ತಿದ್ದಿದೆ. ಹಾಲಮ್ಮ ಪಾಸು. ಇನ್ನೊಬ್ಬ ಹುಡುಗನಿಗೆ ಅಂಕ ಕೂಡಿಸುವುದರಲ್ಲೇ ನಾಲ್ಕು ಬಿಟ್ಟಿದ್ದೆ. ಕೂಡಿಸುವುದರಲ್ಲಿ, ಗಣಿತ ಮೇಷ್ಟ್ರು ನಾನು. ಅವನೂ ಪಾಸು. ಉಳಿದ ಐವರು ನಿಜವಾಗಿಯೇ ಫೇಲಾಗಿದ್ದರು. ನಾಲ್ಕು ಜನರ ಪತ್ರಿಕೆ ಬಸಣ್ಣನ ಮನೆಯ ಸ್ನಾನದ ನೀರು ಕಾಯಿಸಿತ್ತು.

ಒಂದು ಹಾಳೆಯಲ್ಲಿ ನನ್ನ ಎರಡೂ ತಪ್ಪು ಬರೆದು, ಸಹಿ ಹಾಕಿ ಶಿವಲಿಂಗಪ್ಪನವರ ಮುಂದಿಟ್ಟೆ. ಓದಿ ಕೇಳಿದರು.

"ಈ ನಾಲ್ಕು ಜನದ್ದು ಏನ್ಮಾಡಾನ?"

"ಅವರನ್ನೂ ಪಾಸ್ ಮಾಡಬೇಕು ಸಾರ್. ಏನು ಬರೆದಿದ್ರು ಅಂತ ನನಗೆ ಗೊತ್ತಿಲ್ಲ. ನೋಡಿದ್ನೋ ಇಲ್ಲೋ ಅಂತಾನೂ ಗೊತ್ತಿಲ್ಲ."

"ಸುಟ್ಟ ಪೇಪರಿಗೆ ಅಂಕ ಎಲ್ಲಿಂದ ತರ್ತೀರಿ?"

 ಅವರು ಪೆನ್ನಿನ ಮುಚ್ಚಳ ತೆಗೆದರು. "ಆಯ್ತು ಬಿಡ್ರಿ. ಬೂದಿಗೆ ಮೂವತ್ತೈದು" ಎಂದು ಪಟ್ಟಿ ತಿದ್ದಿ ಸಹಿ ಮಾಡಿದರು. ನನ್ನ ಹಾಳೆಯನ್ನು ಮೇಲಕ್ಕೆ ಕಳಿಸಿದರು, ಬರಬೇಕಾದ ಕೆಂಪು ಶಾಯಿ ಬಂತು. ಅವರ ಸಹಿಗೂ ಒಂದು ನೋಟಿಸು ಬಂತೆಂದು ಅವರು ನಿವೃತ್ತರಾದ ಮೇಲೆ ಬಸಣ್ಣನಿಂದ ನನಗೆ ತಿಳಿಯಿತು. ನನಗೆ ಅವರು ಒಂದು ದಿನವೂ ಹೇಳಲಿಲ್ಲ. ಹಾಲಮ್ಮನ ತಂದೆಯ ಹತ್ತಿರ ನಾನೇ ಹೋಗಿ ಹೇಳಿದೆ. ಅವರು ನನ್ನನ್ನು ಬೈದರು, ಬೈದಾದ ಮೇಲೆ ಊಟ ಹಾಕಿಸಿದರು.

ನಾಲ್ವರಲ್ಲಿ ಮೂವರು ಒಂಬತ್ತರ ಬೆಂಚಿನಿಂದ ಎದ್ದು ಹತ್ತರ ಬೆಂಚಿಗೆ ಹೋದರು. ನಾಲ್ಕನೆಯವಳು ಬಸವಾಪಟ್ಟಣದ ರತ್ನಮ್ಮ, ಜೂನ್‌ನಲ್ಲಿ ಶಾಲೆಗೆ ಬಾರದೇ ಹೋದ ಒಬ್ಬಳು. ಫೇಲಾದಳೆಂದು ಗೊತ್ತಾದ ಮರುತಿಂಗಳೇ ಮದುವೆ ಮಾಡಿ ಗೋವಿನಕೋವಿಗೆ ಕೊಟ್ಟಿದ್ದರು. ಅವಳಿಗೆ ನಾನು ಕೊಟ್ಟಿದ್ದ ಅಂಕ ಮೂವತ್ತೆರಡು.

ತಿದ್ದಿದ ಅಂಕಪಟ್ಟಿ ಹಿಡಿದುಕೊಂಡು ಒಂದು ಭಾನುವಾರ ಎರಡು ಬಸ್ ಬದಲಾಯಿಸಿ ಹೋದೆ. ರತ್ನಮ್ಮ ಪಡಸಾಲೆಯಲ್ಲಿ ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. ನನ್ನನ್ನು ನೋಡಿ ಗಡಬಡಿಸಿ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಹೋದ ಮಾರ್ಚಿನವರೆಗೆ ಎರಡು ಜಡೆ ಹಾಕಿಕೊಂಡು ಬರುತ್ತಿದ್ದ ಹುಡುಗಿ. ಅವಳ ಅತ್ತೆ ಚಾಪೆ ಹಾಸಿ, ಮಂಡಕ್ಕಿ ತರಲು ಒಳಗೆ ಹೋದರು.

ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ, ಬಾಯಿಗೆ ಬಂದದ್ದು ಮೂರೇ ಮಾತು. ಪೇಪರ್ ತಿದ್ದುವಾಗ ಒಂದು ಉತ್ತರ ನೋಡದೆ ಬಿಟ್ಟಿದ್ದೇನೋ ಏನೋ, ಈಗ ತಿಳಿಯಲು ಪೇಪರೇ ಇಲ್ಲ, ತಪ್ಪಾಗಿದೆ ತಾಯಿ ಎಂದೆ. ಅಂಕಪಟ್ಟಿ ಕೊಟ್ಟೆ. ಅವಳು ಮೂವತ್ತೈದು ಎಂಬುದನ್ನು ಬೆರಳಿಟ್ಟು ನೋಡಿದಳು. ಬೆರಳಲ್ಲಿದ್ದ ಮೆಣಸಿನ ಕೆಂಪು ಅದರ ಮೇಲೆ ಅಂಟಿತು. ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

"ಅಯ್ಯೋ, ಅದಕ್ಕೆ ಇಷ್ಟು ದೂರ ಬಂದ್ರಾ ಸಾರ್? ನಾನು ಕೊನೇ ಹಾಳೆ ಹಿಂದೆ ಏನೂ ಬರ್ದೇ ಇರ್ಲಿಲ್ಲ. ಖಾಲಿ ಬಿಟ್ಟಿದ್ದೆ. ನಿಮ್ದೇನು ತಪ್ಪಿಲ್ಲ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಮಂಡಕ್ಕಿ ತಿಂದೆ, ಟೀ ಕುಡಿದೆ, ಅವಳ ಅತ್ತೆಯ ಜೊತೆ ಮೆಣಸಿನಕಾಯಿ ಧಾರಣೆಯ ಬಗ್ಗೆ ಮಾತಾಡಿದೆ. ರತ್ನಮ್ಮ ಬಾಗಿಲವರೆಗೆ ಬಂದು, ಹುಷಾರಾಗಿ ಹೋಗಿಬರ್ರಿ ಸಾರ್ ಅಂದಳು. ಹೊನ್ನಾಳಿಯಲ್ಲಿ ಬಸ್ ಬದಲಾಯಿಸಿ, ಕಿಟಕಿ ಪಕ್ಕ ಸೀಟು ಸಿಕ್ಕಿದ ಖುಷಿಯಲ್ಲಿ ಕೂತೆ.

ಬಸ್ಸು ಸೇತುವೆಯ ಮೇಲೆ ಬಂದಾಗ ನನಗೆ ತಟ್ಟನೆ ಗೊತ್ತಾಯಿತು, ಖಾಲಿ ಬಿಟ್ಟ ಜಾಗ ಯಾರಿಗೂ ನೆನಪಿರುವುದಿಲ್ಲ. ಕೊನೆಯ ಹಾಳೆಯ ಹಿಂಬದಿ ಎಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ.